ಮಾವ ಆರಿಸಿದ ಕಾಲೇಜು

ನನ್ನ ಸೋದರಮಾವನ ತಲೆ ಕೆಟ್ಟಿದೆ ಎಂದು ಮಸ್ಕಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಮಾತ್ರ ಒಪ್ಪುವುದಿಲ್ಲ. ಕೆಡಬೇಕಾದರೆ ಅದು ಮೊದಲು ಒಂದು ಸಲವಾದರೂ ನೆಟ್ಟಗಿರಬೇಕಲ್ಲ!

ಅದು ನಿಜಾಮರ ಕಾಲ. ಅಪ್ಪನಿಲ್ಲದ ನನ್ನನ್ನು, ಅವ್ವನೊಂದಿಗೆ ತನ್ನ ಮನೆಯಲ್ಲೇ ಇಟ್ಟುಕೊಂಡು ಬೆಳೆಸಿದವನು ಈ ಮಾವನೇ. ಕಲಬುರ್ಗಿಯಲ್ಲಿ ಇಂಟರ್ ಪಾಸಾಗಿ ಬಂದ ನಾನು, ಎಂಜಿನಿಯರಿಂಗ್ ಓದುತ್ತೇನೆ ಎಂದೆ. ಹೈದರಾಬಾದಿನ ಕಾಲೇಜೋ, ಪುಣೆಯ ಕಾಲೇಜೋ? ಬೇರೆಯವರಾಗಿದ್ದರೆ ನಾಲ್ಕು ಜನ ಓದಿದವರನ್ನು ಕೇಳುತ್ತಿದ್ದರು. ಆದರೆ ಮಾವ ಎತ್ತು ಕೊಳ್ಳುವಾಗಲೂ ಇನ್ನೊಬ್ಬರ ಮಾತು ನಂಬಿದವನಲ್ಲ, ತಾನೇ ಬಾಯಿ ತೆರೆಸಿ ಹಲ್ಲು ನೋಡುವವನು.

“ಕಾಲೇಜು ನೋಡಿ ಏನು ಮಾಡ್ತೀ? ಅಲ್ಲಿ ಕಲ್ತವರು ಕಟ್ಟಿದ್ದು ಗಟ್ಟಿ ಐತೇನು, ಅದನ್ನ ನೋಡಬೇಕು,” ಎಂದ.

ಲಿಂಗಸುಗೂರು ದಾರಿಯ ಮೋರಿ ಕಟ್ಟಿಸಿದ ಎಂಜಿನಿಯರು ಪುಣೆಯಲ್ಲಿ ಓದಿದವರಂತೆ. ಸಿಂಧನೂರು ದಾರಿಯದನ್ನು ಕಟ್ಟಿಸಿದವರು ಹೈದರಾಬಾದಿನವರಂತೆ. ಸರಿ, ಮಾವ ಬಂಡಿಗೆ ಜೋಳದ ಚೀಲ ಹೇರಿಸಿದ. ಲಿಂಗಸುಗೂರು ದಾರಿಯ ಮೋರಿಯ ಕೆಳಗೆ ತೂರಿ, ಚಕ್ಕಳಮಕ್ಕಳ ಹಾಕಿ ಕೂತು, “ಹೂಂ, ಹೊಡಿ ಬಂಡಿ!” ಎಂದು ಕೂಗಿದ.

ಬಂಡಿ ಹೊಡೆಯುವವನು ಅಳುವುದೊಂದು ಬಾಕಿ. “ಸಾವ್ಕಾರ್ರ, ಮ್ಯಾಲ ಬರ್ರೀ! ಏನಾರ ಆದ್ರ ಮನ್ಯಾಗ ಅಕ್ಕಾರಿಗೆ ನಾ ಏನು ಹೇಳ್ಲಿ?”

“ಪುಣೆ ಕಾಲೇಜು ಸುಮಾರೈತಿ ಅಂತ ಹೇಳು!”

ಬಂಡಿ ದಾಟಿತು. ಮೋರಿ ಅಲುಗಲಿಲ್ಲ. ಮೀಸೆಯ ತುಂಬ ಧೂಳು ಹೊತ್ತು ಹೊರಬಂದ ಮಾವನ ಮುಖದಲ್ಲಿ ಸ್ವಲ್ಪ ನಿರಾಸೆಯೇ ಇತ್ತು. ಮರುದಿನ ಸಿಂಧನೂರು ದಾರಿಯ ಮೋರಿಗೂ ಅದೇ ಪರೀಕ್ಷೆ. ಅದೂ ಪಾಸು! ಕೆಳಗೆ ಮಲಗಿದ್ದ ನಾಯಿಯೊಂದು ಮಾತ್ರ ಮಾವನನ್ನು ಕಂಡು ಬಳಗಾನೂರಿನ ಕಡೆಗೆ ಓಟ ಕಿತ್ತಿತು.

ಈಗೇನು ಮಾಡುವುದು? ಮೂರು ದಿನ ಮೀಸೆ ತಿರುವಿದ ಮೇಲೆ ಮಾವನಿಗೆ ಜ್ಞಾನೋದಯವಾಯಿತು. ಪುಣೆಯಲ್ಲಿ ಪಾಠ ಇಂಗ್ಲಿಷಿನಲ್ಲಿ, ಹೈದರಾಬಾದಿನಲ್ಲಿ ಉರ್ದುವಿನಲ್ಲಿ.

“ಹೈದರಾಬಾದೇ ಪಕ್ಕಾ! ತಹಶೀಲ್ ಕಚೇರಿಗೆ ತಿರುಗಿ ತಿರುಗಿ ಉರ್ದು ನನಗ ಪೂರಾ ಬರ್ತೈತಿ. ನೀ ಏನು ಓದಾಕತ್ತಿ ಅಂತ ನನಗೂ ತಿಳೀತೈತಿ.”

ಅವ್ವ ಕೇಳಿದಳು, “ಅಣ್ಣಾ, ಓದಾವ ಅವನೋ ನೀನೋ?”

“ಇಬ್ರೂ!”

ರಾಯಚೂರಿಗೆ ಬಸ್ಸು, ಅಲ್ಲಿಂದ ರೈಲು. ಹೈದರಾಬಾದಿನಲ್ಲಿ ನನಗೆ ಸೀಟು ಸಿಕ್ಕಿದ್ದೇ ತಡ, ಮಾವ ಪಾಠ ನಡೆಯುತ್ತಿದ್ದ ಕೋಣೆಯೊಂದರ ಕಿಟಕಿಗೆ ಕಿವಿ ಹಚ್ಚಿ ನಿಂತುಬಿಟ್ಟ. ಬಹಳ ಹೊತ್ತು ಗಂಭೀರವಾಗಿ ತಲೆಯಾಡಿಸಿದ. ಆಮೇಲೆ ಮೆಲ್ಲಗೆ ಬಂದು ನನ್ನ ಕಿವಿಯಲ್ಲಿ ಉಸುರಿದ: “ಲೇ, ಇದು ನಮ್ಮ ಕಚೇರಿ ಉರ್ದು ಅಲ್ಲಲೇ. ನನಗ ‘ಪಾನಿ’ ಅಂದದ್ದೊಂದ ತಿಳೀತು!”

ಹಾಸ್ಟೆಲಿನಲ್ಲಿ ಮಂಚ ಅಲ್ಲಾಡಿಸಿ ನೋಡಿದ. ಅಡುಗೆಯವನ ಸಾರು ರುಚಿ ನೋಡಿ, ಮುಖ ಹಿಂಡಿ, ಹುಣಸೆಹಣ್ಣಿನ ಬಗ್ಗೆ ಅವನಿಗೊಂದು ಉಪನ್ಯಾಸ ಕೊಟ್ಟ. ಸಂಜೆಯ ರೈಲಿಗೆ ಹೊತ್ತಾಯಿತೆಂದು, ಹಿಂತಿರುಗಿಯೂ ನೋಡದೆ ಹೊರಟುಹೋದ. ಎಂಥ ಕಲ್ಲು ಮನಸ್ಸು ಎಂದುಕೊಂಡೆ.

ಬೆಳಿಗ್ಗೆ ಎದ್ದು ಗೇಟಿನ ಹೊರಗೆ ಬಂದರೆ, ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಮಾವ ಕೂತಿದ್ದ! ತಲೆಗೆ ಸುತ್ತಿದ್ದ ಪಟಕ ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದ. ಕಣ್ಣು ಕೆಂಪಗಾಗಿದ್ದವು.

“ಮಾವ! ಊರಿಗೆ ಹೋಗಲಿಲ್ಲೇನು?”

“ಹೊಂಟೀನಲ್ಲ,” ಎಂದು ಗದರಿದ. ಚಹಾದ ಬಟ್ಟಲನ್ನು ಸುಮ್ಮನೆ ತಿರುಗಿಸಿದ. “ಊರಿಗೆ ಹೋದ ಕೂಡಲೇ ನಿಮ್ಮವ್ವ, ಹೊಸ ಜಾಗಾದಾಗ ಹುಡುಗಗ ನಿದ್ದಿ ಹತ್ತಿತೇನಣ್ಣ ಅಂತ ಕೇಳ್ತಾಳ. ತಿಳಕೊಳ್ದ ನಾ ಏನಂತ ಹೇಳ್ಲಿ?”

ರಾತ್ರಿಯಿಡೀ ನಾನು ಕಣ್ಣು ಮುಚ್ಚಿರಲಿಲ್ಲ.

“ಛಲೋ ಹತ್ತಿತು ಮಾವ,” ಎಂದೆ.

ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಪಟಕ ಸುತ್ತಿಕೊಳ್ಳುತ್ತ ಎದ್ದ.

“ನನಗೂ ಹತ್ತಿತು ಬಿಡು,” ಎಂದ.