ತೀರಿಕೊಂಡವರ ನಕ್ಷತ್ರಗಳು

ವೆಬ್‌ಸೈಟ್ ಮಾಡುವ ಕೆಲಸದಲ್ಲಿ ಮೈ ಜುಮ್ಮೆನ್ನುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ವರ್ಷಕ್ಕೊಮ್ಮೆಯಾದರೂ ಒಂದು ಆಗೇ ಆಗುತ್ತದೆ. ಆ ವರ್ಷ ಮಾತ್ರ ಒಂದರ ಬೆನ್ನಿಗೆ ಒಂದು ಆಯಿತು.

೧. ಮೊದಲ ಮತ

ಎರಡು ಸಾವಿರದ ಇಸವಿ ದಾಟಿದ ಕಾಲ. ಮರಾಠಿ ಸೀಮೆಯ ನಿಗಡಿಯಲ್ಲಿ ಎರಡು ಕೋಣೆಯ ಆಫೀಸು. ನಾನು ಮತ್ತು ನಮ್ಮ ಮರಾಠಿ ಸಾಹೇಬರು, ಇಬ್ಬರೇ. ಕನ್ನಡಿಗರ ಸಂಘವೊಂದರ ವೆಬ್‌ಸೈಟ್ ನಮ್ಮ ಕೈಯಲ್ಲಿತ್ತು. ಅದರ ಕಾರ್ಯದರ್ಶಿಗಳು ಹತ್ತಿರದ ಖಡಕಿಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಒಂದು ದಿನ ಬಂದು, "ಎಲ್ಲಾ ಕಡೆ ನಕ್ಷತ್ರ ಹಾಕ್ಯಾರ್ರಿ. ಓದಿದವರು ಐದಕ್ಕ ಇಷ್ಟು ಅಂತ ಒತ್ತಬೇಕು. ನಮಗೂ ಹಾಕಿ ಕೊಡ್ರಿ" ಅಂದರು.

ಹಾಕಿದೆ. ಯಾರಿಗೂ ಹೇಳಿರಲಿಲ್ಲ, ಸಾಹೇಬರಿಗೂ. ಊಟ ಮಾಡಿ ಬಂದು ನೋಡಿದರೆ ಪ್ರತಿ ಪುಟಕ್ಕೂ ಒಂದೊಂದು ಮತ ಬಿದ್ದಿತ್ತು, ಪ್ರತಿಯೊಂದಕ್ಕೂ ಒಂದೇ ನಕ್ಷತ್ರ. ನಲವತ್ತು ಪುಟಗಳನ್ನು ಒಂದೇ ನಿಮಿಷದಲ್ಲಿ ಯಾರೋ ಓದಿ ಮುಗಿಸಿದ್ದರು. ಬೆನ್ನ ಹಿಂದೆ ಯಾರೋ ನಿಂತ ಹಾಗಾಗಿ ತಿರುಗಿ ನೋಡಿದೆ. ಗೋಡೆ ಇತ್ತು.

ಎರಡು ದಿನ ತಡಕಾಡಿದ ಮೇಲೆ ಗೊತ್ತಾಯಿತು: ಊರೂರಿನ ವೆಬ್‌ಸೈಟ್‌ಗಳನ್ನು ತಾನಾಗಿ ಸುತ್ತಿ ನೋಡುವ ಹುಡುಕಾಟದ ಯಂತ್ರವೊಂದು ಎದುರಿಗೆ ಸಿಕ್ಕ ಮೊದಲ ನಕ್ಷತ್ರವನ್ನೇ ಒತ್ತುತ್ತ ಹೋಗಿತ್ತು. ಅದಕ್ಕೆ ಬಾಗಿಲು ಹಾಕಿ, ಕಾರ್ಯದರ್ಶಿಗಳಿಗೆ ಫೋನಿನಲ್ಲಿ ಹೇಳಿದೆ.

"ಮನಷ್ಯಾ ಅಲ್ಲೇನ್ರಿ ಅದು?" ಎಂದು ಅವರು ಬೇಸರ ಮಾಡಿಕೊಂಡರು. "ನಮ್ಮ ವಾರ್ಷಿಕ ವರದಿ ಪೂರಾ ಓದಿದ್ದು ಅದೊಂದ ಇತ್ತಲ್ರಿ!"

೨. ಎರಡೂವರೆ

ನನ್ನ ತಪ್ಪು ಏನೆಂದರೆ, ನಕ್ಷತ್ರಗಳನ್ನು ಒಂದೇ ಏಟಿಗೆ ಎಲ್ಲ ಪುಟಗಳಿಗೂ ಹಾಕಿಬಿಟ್ಟಿದ್ದೆ. ಆ ಪುಟಗಳಲ್ಲಿ ಶ್ರದ್ಧಾಂಜಲಿಯೂ ಇತ್ತು. ಹಿಂದಿನ ತಿಂಗಳು ತೀರಿಕೊಂಡ ಬಟ್ಟೆ ವ್ಯಾಪಾರಿಯೊಬ್ಬರ ಫೋಟೋ, ಕೆಳಗೆ "ನಿಮಗೆ ಹೇಗನ್ನಿಸಿತು?" ಎಂಬ ಪ್ರಶ್ನೆ, ಅದರ ಕೆಳಗೆ ಬಿದ್ದ ಮತಗಳ ಸರಾಸರಿ, ಐದಕ್ಕೆ ಎರಡೂವರೆ. ಅವರ ಅಂಗಡಿಯ ಸೀರೆ ಬಣ್ಣ ಬಿಟ್ಟಿತೆಂದು ಯಾರೋ ಒತ್ತಿರಬೇಕು.

ಅವರ ಮಗ ಫೋನ್ ಮಾಡಿದ. "ನಮ್ಮಪ್ಪ ಸತ್ತದ್ದು ಹೆಂಗನಸ್ತು ಅಂತ ಊರ ಮಂದಿನ್ನ ಕೇಳಾಕತ್ತೀರೇನ್ರಿ?"

"ಈಗ ತಗೀತೀನ್ರಿ" ಎಂದು ಪುಟ ತೆರೆದೆ. ಅಷ್ಟರಲ್ಲಿ ಹೊಸ ಮತವೊಂದು ಬಂದಿತ್ತು. ಐದಕ್ಕೆ ಐದು. ಸಂಘದ ಸದಸ್ಯರು ತಮ್ಮ ಪಾಸ್‌ವರ್ಡ್ ಹಾಕಿ ಒತ್ತಿದರೆ ಮಾತ್ರ ಹೆಸರು ಬೀಳುತ್ತಿತ್ತು; ಆ ಜಾಗದಲ್ಲಿ ತೀರಿಕೊಂಡವರದೇ ಹೆಸರು. ಕೆಳಗೆ ಅನಿಸಿಕೆ ಬರೆಯುವ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: "ಈ ಫೋಟೋ ಬ್ಯಾಡ. ನಗೂದು ಹಾಕ್ರಿ."

ಫೋನಿನಲ್ಲೇ ಅದನ್ನು ಓದಿ ಹೇಳಿದೆ. ಮಗನ ಸಿಟ್ಟು ಇಳಿದುಹೋಯಿತು. "ಅಪ್ಪನ ಪಾಸ್‌ವರ್ಡ್ ನಮ್ಮನ್ಯಾಗ ಯಾರಿಗೂ ಗೊತ್ತಿಲ್ರಿ" ಎಂದವನು ದನಿ ತಗ್ಗಿಸಿ ಕೇಳಿದ: "ನಮ್ಮ ಬಗ್ಗೆ ಏನರ ಬರದಾರೇನ್ರಿ?"

೩. ಖಾಲಿ ಕುರ್ಚಿ

ಅವರ ಮನೆ ಎರಡು ಗಲ್ಲಿ ಆಚೆ. ಕ್ಷಮೆ ಕೇಳಲು ನಾನೇ ಹೋದೆ. ಮಗ ಬಾಗಿಲು ತೆರೆದು ಒಳಗೆ ಕೈ ತೋರಿಸಿದ. ಅಪ್ಪನ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಟಕ್... ಟಕ್... ಎಂದು ಕೀಲಿಮಣೆಯ ಸದ್ದು ಬರುತ್ತಿತ್ತು. ಮಟಮಟ ಮಧ್ಯಾಹ್ನದಲ್ಲಿ ಇಬ್ಬರೂ ಬೆವರಿದೆವು. "ನೀವ ಮುಂದ ಹೋಗ್ರಿ" ಅಂದ ಮಗ. "ನಿಮ್ಮಪ್ಪ ಅಲ್ಲೇನ್ರಿ, ನೀವ ಹೋಗ್ರಿ" ಅಂದೆ. ಕೊನೆಗೆ ಇಬ್ಬರೂ ಸೇರಿ ನೂಕಿದೆವು.

ಒಳಗೆ ಅವನ ತಾಯಿ. ಸ್ಟೂಲಿನ ಮೇಲೆ ಕುಳಿತು, ಬಲಗೈ ಚಾಚಿ ಒಂದೇ ಬೆರಳಿನಲ್ಲಿ ಒತ್ತುತ್ತಿದ್ದರು. ಪಕ್ಕದಲ್ಲಿ, ಕಂಪ್ಯೂಟರಿಗೆ ಸರಿಯಾಗಿ ಎದುರಿಗಿದ್ದ ಕುರ್ಚಿ ಖಾಲಿ.

"ದಿನಾ ಬಾಜೂ ಕುಂದ್ರಿಸಿಕೊಂಡು ಕಲಸ್ತಿದ್ರಪಾ" ಅಂದರು ಆಕೆ. "ಎರಡೂವರಿ ನೋಡಿ ಕರಳು ಚುರ್ ಅಂತು. ಅದಕ್ಕ ಐದು ಒತ್ತೀನಿ."

"ಫೋಟೋದ ಮಾತು ಬರದವರೂ ನೀವ ಏನ್ರಿ?"

"ಹೇಳಿದವರು ಅವರು. ನಾ ಬರೇ ಒತ್ತೀನಿ."

ಕೂರೋಣವೆಂದು ಆ ಕುರ್ಚಿಗೆ ಕೈ ಹಾಕಿದೆ. "ಅಲ್ಲಿ ಬ್ಯಾಡಪಾ, ಅವರು ಕುಂತಾರ" ಅಂದರು. ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ ಮಗ ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡ.

ಏನು ಮಾಡಬೇಕೋ ತಿಳಿಯದೆ ನಾನು ಖಾಲಿ ಕುರ್ಚಿಗೆ ಕೈ ಮುಗಿದು, "ತಪ್ಪಾತ್ರಿ. ಇವತ್ತ ಫೋಟೋ ಬದಲಿಸ್ತೀನ್ರಿ" ಎಂದು ಮೆಲ್ಲಗೆ ಹೇಳಿದೆ.

ಆಕೆ ನನ್ನನ್ನೂ ಕುರ್ಚಿಯನ್ನೂ ನೋಡಿದರು.

"ಜೋರಾಗಿ ಹೇಳಪಾ. ಅವರಿಗೆ ಕಿವಿ ಮಂದ."