ಸಾಹೇಬರ ಐರನ್ನಿಗೆ ಡ್ರೈವರನ ಅಳತೆ

ಪಾಂಡವಪುರದಲ್ಲಿ ಕುಲುಮೆ ಇಟ್ಟುಕೊಂಡು ಇಷ್ಟು ವರ್ಷವಾಯಿತು, ತನ್ನ ಕೈ ಸರಿಯಿಲ್ಲ ಎಂದು ಒಪ್ಪಿಕೊಂಡ ಗಿರಾಕಿಯನ್ನು ನಾನಿನ್ನೂ ಕಂಡಿಲ್ಲ. ತಪ್ಪೆಲ್ಲ ಕಬ್ಬಿಣದ್ದು, ಇಲ್ಲವೇ ನನ್ನದು. ತೊಂಬತ್ತರ ದಶಕದ ಈ ಸಂಗತಿಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

೧. ಭಾರದ ಮಚ್ಚು

ಕಬ್ಬು ಕಡಿಯುವ ಮಚ್ಚು ಬೇಕಾದವರು ಮೊದಲು ನನ್ನೆದುರು ಗಾಳಿಯಲ್ಲಿ ಮೂರು ಸಲ ಬೀಸಬೇಕು. ತೋಳಿನ ಉದ್ದ, ಸೊಂಟ ತಿರುಗುವ ರೀತಿ ನೋಡಿಯೇ ತೂಕ ಗೊತ್ತುಮಾಡುವುದು ನಮ್ಮಪ್ಪನ ಕಾಲದ ಪದ್ಧತಿ. ಚಿನಕುರಳಿಯ ಒಬ್ಬ ಕಡ್ಡಿಯಂಥ ಆಸಾಮಿ, ತನ್ನ ಭಾವಮೈದುನನ ಮಚ್ಚಿಗಿಂತ ಭಾರದ್ದೇ ಬೇಕೆಂದು ಹಟ ಹಿಡಿದ.

"ಬ್ಯಾಡ ಕಣ್ಲಾ, ನಿನ್ ತೋಳಿಗೆ ಆಗಾಕಿಲ್ಲ."

"ಬೀಸೋನು ನಾನು, ನೀ ಮಾಡ್ಕೊಡ್ಲಾ."

ವಾರದೊಳಗೆ ಭುಜ ಹಿಡಿದುಕೊಂಡು ಬಂದ. ಮಚ್ಚೇ ಸರಿಯಿಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ. ಹಗುರದ್ದು ಮಾಡಿಕೊಡಲು ಒಪ್ಪಿದೆ.

"ಆದ್ರೆ ನೋಡೋರಿಗೆ ಭಾರ ಕಾಣೋ ಅಂಗೆ ಮಾಡ್ಬುಡು," ಎಂದ.

೨. ಕಲಿಯೋರದು

ವರ್ಗವಾಗಿ ಬಂದ ಆರಡಿ ಸಾಹೇಬರೊಬ್ಬರಿಗೆ ಗಾಲ್ಫ್ ಹುಚ್ಚು. ಚೆಂಡು ಬರೀ ಬಲಕ್ಕೇ ಓಡುತ್ತದೆ ಎಂದು ತಮ್ಮ ಐರನ್ನುಗಳನ್ನು, ಅಂದರೆ ಕಬ್ಬಿಣದ ತಲೆಯ ಕೋಲುಗಳನ್ನು, ಹೊತ್ತು ತಂದರು. ಮೈಸೂರಿನ ಆಟಗಾರರದ್ದು ಹತ್ತಾರು ರಿಪೇರಿ ಮಾಡಿದ್ದ ನನಗೆ ನೋಡಿದ ಕೂಡಲೇ ತಿಳಿಯಿತು. ಅವರ ಎತ್ತರಕ್ಕೆ ಕೋಲು ಮೋಟು. ತಲೆಗಳೋ ತೆಳ್ಳಗಿನವು, ಪಳಗಿದವರಿಗೆ ಮಾಡಿದವು.

"ತಳ ಅಗಲ ಇರೋದು ತಗಳಿ ಸಾರ್. ಏಟು ತಪ್ಪಿದ್ರೂ ತಡ್ಕೊಳ್ತದೆ, ಕಲಿಯೋರಿಗೆ ಚೆಂದ."

"ಕಲಿಯೋರಿಗಾ? ಹತ್ತು ವರ್ಷದಿಂದ ಆಡ್ತಿದೀನಿ ಕಣಯ್ಯ!"

ಹತ್ತು ವರ್ಷದ ಐರನ್ನಿನ ಮೇಲೆ ಕಲ್ಲಿನ ಗುರುತು ಬೇಕಾದಷ್ಟಿತ್ತು. ಚೆಂಡಿನ ಗುರುತು ಒಂದೂ ಇರಲಿಲ್ಲ.

೩. ಮೂರು ಜೀಪು

ಬೀಸಿ ತೋರಿಸಿ ಎಂದೆ. ಬೀದಿಯಲ್ಲಿ ಬೀಸುವುದು ಮರ್ಯಾದೆಗೆ ಕಡಿಮೆಯಂತೆ. ಐರನ್ನು ಬಿಟ್ಟು ಹೊರಟೇಹೋದರು. ಮರುದಿನ ಅವರ ಡ್ರೈವರ್ ಬಂದ. ಕೆ.ಆರ್. ಪೇಟೆ ಕಡೆಯ, ಐದಡಿಯ ಆಳು.

"ಸಾಹೇಬ್ರು ಏಳವ್ರೆ ಕಣಣ್ಣ, ಅವರ ಬದಲು ನಾನೇ ಬೀಸ್ಬೇಕಂತೆ."

"ಅಳತೆ ಕೊಡಾಕೂ ಆಳಾ? ಅವರ ಶರ್ಟೂ ನಿನ್ ಅಳತೇಲೇ ಒಲಿಸ್ತಾರೇನ್ಲಾ?"

"ಬೀಸು ಅಂದವ್ರೆ, ಬೀಸ್ತೀನಿ ಬುಡಣ್ಣ."

ಬೀಸಿದ. ಏನು ಚೆಂದ ಬೀಸಿದ! ಸಾಹೇಬರ ಮೇಲೆ ಬಂದ ಕೋಪಕ್ಕೆ ಐರನ್ನುಗಳನ್ನು ಅವನ ಅಳತೆಗೇ ಬಗ್ಗಿಸಿ ಕಳಿಸಿದೆ.

ಭಾನುವಾರ ಸಾಹೇಬರ ಕ್ವಾರ್ಟರ್ಸಿನ ಹಿಂದಿನ ಬಯಲಲ್ಲಿ ಪಂದ್ಯ. ಶ್ರೀರಂಗಪಟ್ಟಣ, ನಾಗಮಂಗಲದ ಆಫೀಸರುಗಳೂ ಬಂದಿದ್ದರು. ಸಾಹೇಬರ ಮೊದಲ ಏಟಿಗೆ ಮಣ್ಣು ಹಾರಿತು, ಚೆಂಡು ಕದಲಲಿಲ್ಲ. ನನ್ನನ್ನು ಕರೆಸಿ, "ಐರನ್ ಕೆಡಿಸಿದವನು ಇವನೇ. ಯಾರೂ ಇವನ ಹತ್ರ ಹೋಗ್ಬೇಡಿ," ಎಂದು ಎಲ್ಲರೆದುರು ಜಾಡಿಸಿದರು. ನಮ್ಮಪ್ಪ ಗಳಿಸಿಟ್ಟ ಹೆಸರು ಅದು! ಸಿಟ್ಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

"ಅಳತೆ ಕೊಟ್ಟೋನು ಒಂದೇಟು ಹೊಡೀಲಿ ಸಾರ್," ಎಂದೆ.

ಡ್ರೈವರ್ ಹೊಡೆದ. ಚೆಂಡು ನೆಟ್ಟಗೆ ಹೋಗಿ, ಗುಳಿಯ ಗುರುತಿಗೆ ನೆಟ್ಟ ಬಾವುಟದ ಬುಡದಲ್ಲಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾಹೇಬರು ನಾಚುತ್ತಾರೆ ಎಂದುಕೊಂಡೆ. ಅವರು ಕುರ್ಚಿ ತರಿಸಿ ಕೂತು, "ನನ್ನ ಪರವಾಗಿ ಇವನೇ ಆಡ್ಲಿ," ಎಂದರು. ಡ್ರೈವರ್ ಗೆದ್ದ. ಕಪ್ ತೆಗೆದುಕೊಳ್ಳಲು ಮಾತ್ರ ಸಾಹೇಬರೇ ಎದ್ದರು. ಕಪ್ ಹಿಡಿದು ನನ್ನ ಕಡೆ ತಿರುಗಿ, "ಈಗ ಹೇಳಯ್ಯ, ನಾನು ಕಲಿಯೋನಾ?" ಎಂದರು.

ಮರುದಿನ ನನ್ನ ಕುಲುಮೆ ಮುಂದೆ ಮೂರು ಜೀಪು ನಿಂತವು. ಹೆಸರು ಉಳಿಯಿತು, ಆಫೀಸರುಗಳೇ ಹುಡುಕಿಕೊಂಡು ಬಂದರು ಎಂದು ಹಿಗ್ಗಿ ಎದ್ದು ನಿಂತೆ.

ಇಳಿದವರು ಮೂವರೂ ಡ್ರೈವರುಗಳು. "ಅಳತೆ ಕೊಡಾಕ್ ಬಂದೋ ಕಣಣ್ಣ," ಎಂದರು.