ದಿನಕ್ಕೆ ನೂರಾ ಇಪ್ಪತ್ತು ರೊಟ್ಟಿಯ ಸಿರಿವಂತಿಕೆ ಕುರಿತು

“ಅಷ್ಟೂ ನಾನ ತಿಂದಿದ್ರ, ನಿಮ್ಮ ಈ ಬಾಗಲದಾಗ ಹಿಡೀತಿದ್ನೇನ್ರೀ ಸಾಹೇಬ್ರ?”

ಎಂದು ಗಾಂಧಿಬಾಗ್‌ನ ಗಿರಿಜವ್ವ ಅವರು ಕಳೆದ ಸೋಮವಾರ ಕಚೇರಿಯ ಹೊಸ್ತಿಲಲ್ಲಿ ನಿಂತು ಕೇಳಿದ ಪ್ರಶ್ನೆಗೆ ಸ್ಥಳದಲ್ಲಿ ಉತ್ತರ ಹೊಳೆಯದ ಕಾರಣ, ಲಿಖಿತವಾಗಿ ಹೊರಡಿಸಿದ್ದು.

ಕನ್ನಡ ನೆರೆಹೊರೆ ನೆರವು ಮಂಡಳಿ
ಅಸಮಾನತೆ ಇಳಿಕೆ ಶಾಖೆ, ಪ್ರತಾಪ ನಗರ, ನಾಗಪುರ

ಸುತ್ತೋಲೆ ಸಂಖ್ಯೆ: ಅಇಶಾ/ರೊಟ್ಟಿ/೧೨೦/೨೦೨೫

ವಿಷಯ: ದತ್ತಾಂಶದ ಮೂಲಕ ಬಡವರನ್ನು ಗುರುತಿಸುವ ಬಗ್ಗೆ, ಹಾಗೆ ಗುರುತಿಸಿದಾಗ ಸಿರಿವಂತರೆಂದು ಸಿಕ್ಕಿಬಿದ್ದವರ ಬಗ್ಗೆ.

ಉಲ್ಲೇಖ: (ಅ) ಮೇಲಿನ ಪ್ರಶ್ನೆ. (ಆ) ಅದನ್ನು ಕೇಳಿ ನಕ್ಕ ಇಬ್ಬರು ಸದಸ್ಯರು (ಹೆಸರು ಗೌಪ್ಯ).

೧. ವರಮಾನ ಕೇಳಿದರೆ ಯಾರೂ ಖರೆ ಹೇಳುವುದಿಲ್ಲ, ರೊಟ್ಟಿ ಕೇಳಿದರೆ ಯಾರೂ ಸುಳ್ಳು ಹೇಳುವುದಿಲ್ಲ ಎಂಬುದು ಮಂಡಳಿಯ ದತ್ತಾಂಶ ಸಲಹೆಗಾರರಾದ ಶ್ರೀ ಕೇದಾರನಾಥ ಅವರ ಸಿದ್ಧಾಂತ. ಅದರಂತೆ ‘ಸಮದರ್ಶಿ’ ಎಂಬ ಗಣಕ ಸಾಧನವನ್ನು ರೂಪಿಸಿ, ಮೂವತ್ತೊಂದು ಸದಸ್ಯ ಮನೆಗಳಲ್ಲಿ ಒಂದೇ ಪ್ರಶ್ನೆಯನ್ನು ಕೇಳಿಸಲಾಯಿತು: ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ರೊಟ್ಟಿ ಆಗುತ್ತವೆ? ಬಂದ ಸಂಖ್ಯೆಯನ್ನು ಮನೆಮಂದಿಯ ಸಂಖ್ಯೆಯಿಂದ ಭಾಗಿಸಿ, ಕಡಿಮೆ ಬಂದವರಿಗೆ ಮೊದಲ ಆದ್ಯತೆಯ ಕಾರ್ಡ್ ನೀಡತಕ್ಕದ್ದು.

೨. ಗಿರಿಜವ್ವ ಅವರು ಒಂಟಿ ಕೋಣೆಯಲ್ಲಿ ಒಬ್ಬರೇ ಇದ್ದು, “ನೂರಾ ಇಪ್ಪತ್ತು. ಶ್ರಾವಣದಾಗ ಇನ್ನೂ ಮೂವತ್ತು ಜಾಸ್ತಿ” ಎಂದು ಪ್ರಾಮಾಣಿಕವಾಗಿ ಉತ್ತರಿಸಿರುತ್ತಾರೆ. ಉಳಿದ ಮೂವತ್ತು ಮನೆಗಳವರು, “ನಮ್ಮನ್ಯಾಗ ರೊಟ್ಟಿ ಆಗೂದ ಇಲ್ಲ, ಗಿರಿಜವ್ವ ಮಾಡಿ ಕಳಸ್ತಾಳ” ಎಂದು ಅಷ್ಟೇ ಪ್ರಾಮಾಣಿಕವಾಗಿ ಉತ್ತರಿಸಿದ್ದರಿಂದ ಅವರೆಲ್ಲರ ಮುಂದೆ ಸೊನ್ನೆ ಬಂದಿದೆ. ಅಂದರೆ ನಮ್ಮ ಸಮುದಾಯದ ಒಟ್ಟು ಅಸಮಾನತೆಯು ಗಾಂಧಿಬಾಗ್‌ನ ಕಾಳಿನಂಗಡಿಯ ಹಿಂದಿನ ಆ ಒಂದು ಕೋಣೆಯಲ್ಲೇ ನೆಲೆಸಿದೆ ಎಂದು ಸಾಬೀತಾಗಿರುತ್ತದೆ.

೩. ಪ್ರಶ್ನೆಯಲ್ಲಿ ಹೇಳಲಾದ ಬಾಗಿಲನ್ನು ಅಳೆಯಿಸಲಾಗಿದೆ. ಅಗಲ ಮೂರು ಅಡಿ. ಅರ್ಜಿದಾರರು ಅದರೊಳಗೆ ಸಲೀಸಾಗಿ ಹಿಡಿದದ್ದನ್ನು ಎಲ್ಲರೂ ಕಂಡಿದ್ದಾರೆ. ಆದಾಗ್ಯೂ ಕಂಡದ್ದನ್ನು ತುಂಬಲು ನಮೂನೆಯಲ್ಲಿ ಅಂಕಣವಿಲ್ಲ.

೪. ಮಂಡಳಿಯ ಮೂಲಕ ಈ ವರ್ಷ ಒಬ್ಬರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಅವಕಾಶವಿದೆ. ಗಿರಿಜವ್ವ ಅವರು ತಮಗೆ ಎರಡೂ ಕಣ್ಣು ಮಂಜಾಗಿವೆ, ಹಂಚು ಎಲ್ಲಿ ಮುಗಿದು ಒಲೆ ಎಲ್ಲಿ ಶುರುವಾಗುತ್ತದೆಂದು ಬೆರಳು ಸುಟ್ಟ ಮೇಲೆಯೇ ತಿಳಿಯುತ್ತದೆ ಎಂದು ಅರ್ಜಿ ಸಲ್ಲಿಸಿದ್ದರು. ಸದರಿ ಅರ್ಜಿಗೆ ಹೆಬ್ಬೆಟ್ಟಿನ ಗುರುತು ಪಡೆಯಲು ಯತ್ನಿಸಿದಾಗ, ಬೆರಳ ತುದಿಗಳು ಸುಟ್ಟಿದ್ದರಿಂದ ಯಂತ್ರವು ಅವರನ್ನು ವ್ಯಕ್ತಿಯೆಂದು ಒಪ್ಪಿರುವುದಿಲ್ಲ. ಸಿರಿವಂತರೆಂದು ಒಪ್ಪಿದೆ.

೫. ಆದ್ದರಿಂದ ಸದರಿ ಅವಕಾಶವನ್ನು ಸೊನ್ನೆಯವರ ಪೈಕಿ ಹಿರಿಯರೂ, ಧರಮಪೇಠದಲ್ಲಿ ಎರಡು ಮಹಡಿ ಮನೆಯುಳ್ಳವರೂ, ಮಂಡಳಿಯ ಅಧ್ಯಕ್ಷರೂ ಆದ ಶ್ರೀ ಉಮಾಕಾಂತ ಅವರಿಗೆ ನೀಡಲಾಗಿದೆ. ಅವರ ಕಣ್ಣುಗಳಲ್ಲಿ ಪೊರೆ ಇಲ್ಲವೆಂದು ಡಾಕ್ಟರು ತಿಳಿಸಿರುವುದರಿಂದ, ಪೊರೆ ಬರುವವರೆಗೆ ಅವಕಾಶವನ್ನು ಕಾಯ್ದಿರಿಸತಕ್ಕದ್ದು. ಈ ಬಗ್ಗೆ ಅಧ್ಯಕ್ಷರು “ನೋಡೂಣಂತ, ಜಲ್ದಿ ಏನೈತಿ” ಎಂದು ಸಹಕರಿಸಿದ್ದಾರೆ.

೬. “ಅವು ಮಾರೂ ರೊಟ್ಟಿ ತಮ್ಮಾ. ನಾ ತಿನ್ನೂದು ಎರಡ” ಎಂಬ ಮೇಲ್ಮನವಿಯನ್ನು ಸಹಾನುಭೂತಿಯಿಂದ ಆಲಿಸಲಾಗಿದೆ. ಅದನ್ನು ಪುಷ್ಟೀಕರಿಸಲು, ಮೂವತ್ತೂ ಮನೆಗಳಿಂದ ‘ಈ ರೊಟ್ಟಿಗಳನ್ನು ನಾವೇ ತಿಂದಿದ್ದೇವೆ’ ಎಂಬ ದೃಢೀಕರಣ ಪತ್ರವನ್ನು ತರುವಂತೆ ಸೂಚಿಸಲಾಗಿತ್ತು. ಹಾಗೆ ದೃಢೀಕರಿಸಿದ ಮನೆಯ ಸೊನ್ನೆ ಅಳಿದು, ಕಾರ್ಡ್ ರದ್ದಾಗುತ್ತದೆ ಎಂಬುದನ್ನೂ ತಿಳಿಸಲಾಗಿತ್ತು. ಗಿರಿಜವ್ವ ಅವರು ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತ ನಾಲ್ಕು ದಿನ ತಿರುಗಿದ್ದಾರೆ. ಎಲ್ಲ ಮನೆಗಳಲ್ಲೂ ಚಹಾ ಸಿಕ್ಕಿದೆ, ಸಹಿ ಸಿಕ್ಕಿಲ್ಲ. ಶ್ರೀಮತಿ ಗೌರಮ್ಮ ಅವರು ಮಾತ್ರ ಕಾರಣವನ್ನು ಬಾಯಿಬಿಟ್ಟು ಹೇಳಿದ್ದಾರೆ: “ಸಹಿ ಮಾಡೂದು ದೊಡ್ಡದಲ್ಲ ಗಿರಿಜಾ, ಕಾರ್ಡ್ ಹೋಗ್ತೈತಲ್ಲ. ನಾಳಿಗೆ ಮಾತ್ರ ನಾಕು ಜಾಸ್ತಿ ಕಳಸು, ಬೀಗರು ಬರಾಕತ್ತಾರ.”

೭. ದೃಢೀಕರಣ ಸಿಗದಿದ್ದಲ್ಲಿ ಪರ್ಯಾಯ ವಿಧಾನ: ಅರ್ಜಿದಾರರು ಸಮಿತಿಯ ಎದುರು ಕುಳಿತು, ಒಂದೇ ದಿನದಲ್ಲಿ ನೂರಾ ಇಪ್ಪತ್ತು ರೊಟ್ಟಿಗಳನ್ನು ತಿನ್ನಲು ಪ್ರಯತ್ನಿಸತಕ್ಕದ್ದು. ಅರವತ್ತರ ಒಳಗೆ ಸೋತಲ್ಲಿ ಅರೆ ಬಡವರೆಂದೂ, ಹತ್ತರ ಒಳಗೆ ಸೋತಲ್ಲಿ ಪೂರ್ಣ ಬಡವರೆಂದೂ ಪರಿಗಣಿಸಲಾಗುವುದು. ರೊಟ್ಟಿಗಳನ್ನು ಅವರೇ ಮಾಡಿ ತರತಕ್ಕದ್ದು. ಪಲ್ಯವು ಫಲಿತಾಂಶದ ಮೇಲೆ ಪ್ರಭಾವ ಬೀರುವುದರಿಂದ ನಿಷೇಧಿಸಲಾಗಿದೆ.

೮. ಪ್ರಕರಣ ಇತ್ಯರ್ಥವಾಗುವವರೆಗೆ ಅಸಮಾನತೆಯನ್ನು ತುರ್ತಾಗಿ ಇಳಿಸಲು, ಗಿರಿಜವ್ವ ಅವರು ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ರೊಟ್ಟಿ ಬಡಿಯಬಾರದು. ಶನಿವಾರದ ಸಮಿತಿ ಸಭೆಗೆ ಬರುವ ಹದಿನೆಂಟು ರೊಟ್ಟಿಗಳನ್ನು ಈ ಮಿತಿಯಿಂದ ಹೊರಗಿಡಲಾಗಿದೆ. ಅವು ದತ್ತಾಂಶವಲ್ಲ, ಊಟ.

೯. ಗಣತಿ ಕಾರ್ಯಕರ್ತೆ ಕು. ದೀಪಾಲಿ ಅವರು ಇಲ್ಲಿಯೇ ಹುಟ್ಟಿ ಬೆಳೆದವರಾಗಿದ್ದು ಕನ್ನಡ ಓದಲು ತಡವರಿಸುತ್ತಾರೆ. ಆದಾಗ್ಯೂ ಗಿರಿಜವ್ವ ಅವರ ನಮೂನೆಯ ಅಂಚಿನಲ್ಲಿ, ಇವು ಮಾರುವುದಕ್ಕೆ ಮಾಡಿದವು, ಆಜಿಗೆ (ಅಜ್ಜಿಗೆ) ಕಣ್ಣು ಕಾಣುವುದಿಲ್ಲ ಎಂದು ಮರಾಠಿಯಲ್ಲಿ ಪೆನ್ಸಿಲಿನಿಂದ ಬರೆದಿರುವುದು ಕಂಡುಬಂದಿದೆ. ಸಮದರ್ಶಿಯು ಅಂಚನ್ನು ನೋಡುವುದಿಲ್ಲ. ಸತ್ಯವನ್ನು ಅಂಕಣದ ಹೊರಗೆ ಬರೆದ ಬಗ್ಗೆ ಮೂರು ದಿನಗಳೊಳಗೆ ವಿವರಣೆ ನೀಡುವಂತೆ ಅವರಿಗೆ ಸೂಚಿಸಲಾಗಿದೆ. ಮೌಖಿಕವಾಗಿ ಕೇಳಿದಾಗ ಅವರು, “ಕಾಕಾ, ಒಳಗ ಜಾಗಾನ ಇರಲಿಲ್ಲ. ನೀವು ಒಮ್ಮೆ ಆಜಿ ಕೈ ಹಿಡದು ನೋಡ್ರಿ ನಾ” ಎಂದಷ್ಟೇ ಹೇಳಿ, ರಜೆ ಅರ್ಜಿ ಇಟ್ಟು ಹೋಗಿರುತ್ತಾರೆ. ಕೈ ಹಿಡಿದು ನೋಡುವ ವಿಧಾನವು ಮಾನ್ಯತೆ ಪಡೆದ ಸಮೀಕ್ಷಾ ಕ್ರಮವಲ್ಲ.

೧೦. ಮೇಲಿನ ಪ್ರಶ್ನೆಗೆ ಉತ್ತರವು ಇದರೊಂದಿಗೆ ಪೂರ್ಣಗೊಂಡಿದೆ ಎಂದು ಭಾವಿಸತಕ್ಕದ್ದು.

(ಸಹಿ)
ಗುರುಶಾಂತಪ್ಪ
ಸದಸ್ಯ ಕಾರ್ಯದರ್ಶಿ (ಮೊದಲ ಆದ್ಯತೆಯ ಕಾರ್ಡ್ ಸಂಖ್ಯೆ ೨)

ಪ್ರತಿಗಳು:

೧) ಅಧ್ಯಕ್ಷರಿಗೆ, ಕಣ್ಣಿನ ಪ್ರಗತಿಯನ್ನು ಪ್ರತಿ ತಿಂಗಳು ವರದಿ ಮಾಡುವ ಕೋರಿಕೆಯೊಂದಿಗೆ.

೨) ಶ್ರೀ ಕೇದಾರನಾಥ ಅವರಿಗೆ, ಮುಂದಿನ ಸಮೀಕ್ಷೆಯಲ್ಲಿ ಚಟ್ನಿಯನ್ನು ಸೇರಿಸುವ ಸಾಧ್ಯತೆ ಪರಿಶೀಲಿಸಲು.

೩) ಮೂವತ್ತು ಮನೆಗಳವರಿಗೆ, ಗಾಬರಿಯಾಗಬೇಡಿ ಎಂಬ ಟಿಪ್ಪಣಿಯೊಂದಿಗೆ.

೪) ಕು. ದೀಪಾಲಿ ಅವರಿಗೆ. ಮೊಬೈಲ್ ಎತ್ತುತ್ತಿಲ್ಲ.

೫) ಗಿರಿಜವ್ವ ಅವರಿಗೆ, ಓದಿಸಿಕೊಂಡು ಪಾಲಿಸಲು.

ಪ್ರತಿಗಳ ಕ್ರಮ ಸಂಖ್ಯೆ ೫ರ ಬಗ್ಗೆ ಜವಾನ ಸಿದ್ದೇಶನ ಷರಾ: ಬೆಳಿಗ್ಗೆ ಹೋದಾಗ ಕೋಣೆಗೆ ಬೀಗ ಇತ್ತು. ದೀಪಾಲಿಯವರು ನಿನ್ನೆಯೇ ಸ್ಕೂಟರ್ ಹಿಂದೆ ಕೂರಿಸಿಕೊಂಡು ಸರ್ಕಾರಿ ದವಾಖಾನೆಗೆ ಕರೆದೊಯ್ದರು, ಬಲಗಣ್ಣಿನ ಆಪರೇಷನ್ ಇವತ್ತು ಎಂದು ಕಾಳಿನಂಗಡಿಯವರು ಹೇಳಿದರು. ಹದಿನೈದು ದಿನ ಒಲೆ ಮುಂದೆ ಕೂರುವಂತಿಲ್ಲವಂತೆ. ಬಾಗಿಲ ಮುಂದೆ, ರೊಟ್ಟಿಗೆಂದು ಮನೆಮನೆಗಳಿಂದ ಬಂದ ಖಾಲಿ ಡಬ್ಬಿಗಳು ಸಾಲಾಗಿ ಕುಳಿತಿದ್ದವು. ಸುತ್ತೋಲೆ ಗಾಳಿಗೆ ಹಾರದಂತೆ ಒಂದು ಡಬ್ಬಿಯ ಕೆಳಗೆ ಇಟ್ಟು ಬಂದಿದ್ದೇನೆ. ಡಬ್ಬಿ ಅಧ್ಯಕ್ಷರದು.